ಈಜುಕೊಳದಲ್ಲಿ ಆಣೆ

ಕೊಟ್ರಸ್ವಾಮಿ ಗಾಜಿನ ಕೊಳವೆಯನ್ನು ಎತ್ತಿ ಬಿಸಿಲಿಗೆ ಹಿಡಿದ. ಒಂದು ಕ್ಷಣ ಗುಲಾಬಿ ಸುಳಿದಂತಾಯಿತು, ಮರುಕ್ಷಣ ಇಲ್ಲ. ಇನ್ನೊಂದು ಮಾತ್ರೆ ಹಾಕಿ ಅಲ್ಲಾಡಿಸಿದ. ಆಗಲೂ ಅಷ್ಟೇ. ಕೊಳದ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇದ್ದರೆ ಆ ಮಾತ್ರೆ ನೀರನ್ನು ಗುಲಾಬಿ ಮಾಡಬೇಕು. ಪೌಡರ್ ಹೆಚ್ಚಿದಷ್ಟೂ ಬಣ್ಣ ಗಾಢ. ಡಬ್ಬಿಯ ಮೇಲಿನ ಬಣ್ಣದ ಪಟ್ಟಿ ಹೇಳುವುದೂ ಅದನ್ನೇ. ಹಾಗಾದರೆ ದಿನಾ ಸಂಜೆ ಸುರಿಯುವ ಪೌಡರ್ ಎಲ್ಲಿಗೆ ಹೋಗುತ್ತಿದೆ?

ಹಗರಿಬೊಮ್ಮನಹಳ್ಳಿಯ ಹೊರಗೆ, ಕೂಡ್ಲಿಗಿ ರಸ್ತೆಯಲ್ಲಿ, ಅವನು ಈ ಈಜುಕೊಳ ತೆರೆದು ತಿಂಗಳಾಗಿತ್ತು. ಕೊಳ ನೋಡಿಕೊಳ್ಳುವವನು ಗುಡೇಕೋಟೆ ಕಡೆಯ ಮೈಲಪ್ಪ. ಬಲೆಯಿಂದ ಎಲೆ ಹುಳು ತೆಗೆಯುವುದು, ಗೋಡೆ ಉಜ್ಜುವುದು, ಫಿಲ್ಟರ್ ತೊಳೆಯುವುದು, ಜನ ಹೋದಮೇಲೆ ಪೌಡರ್ ಕಲಸಿ ಸುರಿಯುವುದು, ಎಲ್ಲ ಅವನದೇ. ಹೆಂಡತಿ ಪಕ್ಕೀರಮ್ಮ ಬಟ್ಟೆ ಬದಲಿಸುವ ಕೋಣೆ ತೊಳೆಯುತ್ತಿದ್ದಳು. ಇಬ್ಬರೂ ಕೊಳದ ಹಿಂದಿನ ಕೋಣೆಯಲ್ಲೇ ವಾಸ. ಕೆಲಸ ಹೋದರೆ ಸೂರೂ ಹೋದಂತೆ. ಕೊಟ್ರಸ್ವಾಮಿಗೆ ಅವನ ಮೇಲೆ ಎಂಥ ನಂಬಿಕೆಯೆಂದರೆ, ಪೌಡರ್ ಇಡುವ ಗೋದಾಮಿನ ಬೀಗದ ಕೈ ಮೈಲಪ್ಪನ ಉಡಿದಾರದಲ್ಲೇ ಇರುತ್ತಿತ್ತು. ಈಗ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಮೊದಲ ವಾರ ಎಲ್ಲ ಸರಿಯಿತ್ತು. ಗುಲಾಬಿ ದಿನದಿನಕ್ಕೆ ಗಾಢವಾಗುತ್ತ ಹೋದಂತೆ, ಕೊಟ್ರಸ್ವಾಮಿ ಬಂದವರಿಗೆಲ್ಲ ಕೊಳವೆ ತೋರಿಸಿ ಮೀಸೆ ತಿರುವಿದ್ದ. ಒಂಬತ್ತನೇ ದಿನ ಬಣ್ಣ ಇದ್ದಕ್ಕಿದ್ದಂತೆ ಮಾಯ. ನಾಲ್ಕು ಕೆಜಿ ಹಾಕುತ್ತಿದ್ದುದನ್ನು ಆರು ಮಾಡಿಸಿದ, ಆರನ್ನು ಹತ್ತು ಮಾಡಿಸಿದ. ಚೀಲಗಳು ಖಾಲಿಯಾದವೇ ಹೊರತು ಬಣ್ಣ ಬರಲಿಲ್ಲ. ಪೌಡರಿನ ಘಾಟಂತೂ ಗೋದಾಮಿನಿಂದ ಸದಾ ಬರುತ್ತಲೇ ಇತ್ತು, ಅದನ್ನು ನಂಬುವಂತಿರಲಿಲ್ಲ. ಈಜಲು ಬಂದ ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಹೋದರು. ಪೌಡರಿಲ್ಲದ ಹೊಲಸು ನೀರಿಗೆ ಕಣ್ಣುಬೇನೆ ಬರದೆ ಇನ್ನೇನು ಎಂದು ಅವನು ಹಲ್ಲು ಕಡಿದ. ಬಾಡಿಗೆಗೆ ತಂದಿಟ್ಟ ಹೊಸ ಚಡ್ಡಿಗಳು ಬಣ್ಣ ಬಿಟ್ಟವು. ಕಳಪೆ ಮಾಲು ಎಂದು ಅಂಗಡಿಯವನನ್ನು ಬೈದುಕೊಂಡ. ಎಲ್ಲದಕ್ಕೂ ಒಂದೊಂದು ಕಾರಣ ನಮ್ಮ ಕೊಟ್ರಸ್ವಾಮಿಯ ಹತ್ತಿರ ಸಿದ್ಧವಿತ್ತು. ಕೊನೆಗೆ ಗೇಟು ಮುಚ್ಚಿ, ಬಣ್ಣ ಬರುವ ತನಕ ಪೌಡರ್ ಹಾಕುತ್ತಿರು ಎಂದು ಮೈಲಪ್ಪನಿಗೆ ಹೇಳಿದ. ಮೂರು ದಿನವಾದರೂ ಬಣ್ಣವಿಲ್ಲ.

“ಮೈಲಪ್ಪ, ನಿನ್ನಿ ಎಷ್ಟು ಹಾಕಿದಿ?”

“ನೀವು ಹೇಳಿದಂಗ ಹತ್ತು ಕೇಜಿ ಹಾಕೀನ್ರಿ ಸಾವ್ಕಾರ್ರ.”

“ಹಾಕಿದ್ರ ಎಲ್ಲಿ ಹೋತು?”

“ನನಗೇನು ಗೊತ್ರಿ. ಸುರಿಯಾಂವ ನಾನು. ಆ ಗಾಜಿನ ಲೆಕ್ಕ ನನಗ ತಿಳಿಯಂಗಿಲ್ಲ.”

“ಯಾರಿಗೆ ಮಾರಿದಿ, ಹೇಳಿಬಿಡು.”

ಮೈಲಪ್ಪನ ಮುಖ ಕಪ್ಪಿಟ್ಟಿತು. ಐವತ್ತೈದು ವರ್ಷದಲ್ಲಿ ಅವನನ್ನು ಯಾರೂ ಕಳ್ಳ ಎಂದಿರಲಿಲ್ಲ. ಕೋಣೆಗೆ ಹೋಗಿ ಭಂಡಾರದ ಚೀಲ ತಂದ. ಅರಿಶಿನದ ಆ ಪುಡಿ ಮುಟ್ಟಿ ಆಡಿದ ಮಾತು ಅವನ ಮನೆತನದಲ್ಲಿ ಎಂದೂ ಸುಳ್ಳಾಗಿರಲಿಲ್ಲ.

“ಇದ ನೀರಾಗ ಮೂರು ಸಲ ಮುಳುಗಿ, ಒದ್ದಿ ಮೈಲೆ ಮೈಲಾರಲಿಂಗನ ಭಂಡಾರ ಹಿಡದು ಆಣಿ ಮಾಡ್ತೀನ್ರಿ. ನಾ ಕದ್ದಿದ್ರ ದೇವ್ರು ನನ್ನ ಕಣ್ಣು ತಗೊಳ್ಳಲಿ.”

ಬೇಡ ಎನ್ನಬಹುದಿತ್ತು. ಕೊಟ್ರಸ್ವಾಮಿ ಎನ್ನಲಿಲ್ಲ.

ಮೈಲಪ್ಪ ಅಂಗಿ ಕಳಚಿ ಮೆಟ್ಟಿಲಿಳಿದ. ಕಣ್ಣು ಮುಚ್ಚಿ ಮುಳುಗಲು ತಾನೇನು ಕಳ್ಳನೇ? ಬಿಟ್ಟ ಕಣ್ಣಿನಲ್ಲೇ ಮೂರು ಸಲ ಮುಳುಗಿದ. ಕೊನೆಯ ಸಲ ಬಹಳ ಹೊತ್ತು ನೀರೊಳಗೇ ಇದ್ದ. ಎದ್ದು ಬಂದು ಭಂಡಾರ ಹಿಡಿದು ಆಣೆಯ ಮಾತು ಮುಗಿಸುವಷ್ಟರಲ್ಲಿ ಎರಡೂ ಕೈ ಕಣ್ಣಿಗೆ ಹೋದವು. ಭಂಡಾರ ನೆಲಕ್ಕೆ ಚೆಲ್ಲಿತು. ಕಣ್ಣುಗಳು ಕೆಂಡವಾಗಿ ದಳದಳ ನೀರು ಸುರಿಯತೊಡಗಿತು. ಪಕ್ಕೀರಮ್ಮ “ಎಪ್ಪಾ ದೇವ್ರೇ” ಎಂದು ಅಲ್ಲೇ ಕುಸಿದಳು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಗಳು ಊದಿ, ಬಿಡಿಸಿದರೂ ಏನೂ ಕಾಣದಾಯಿತು.

ಕೊಟ್ರಸ್ವಾಮಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆದರೆ ದೇವರೇ ತೀರ್ಪು ಕೊಟ್ಟಮೇಲೆ ತಾನು ಯಾರು?

ಮರುದಿನ ಬೆಳಗ್ಗೆ ಪಕ್ಕೀರಮ್ಮ ಗಂಟು ತಲೆ ಮೇಲೆ ಹೊತ್ತು, ಗಂಡನ ಕೈ ಹಿಡಿದು ಕರೆತಂದಳು.

“ನಾ ಯಾವಾಗ ಕದ್ದೆನೋ ನನಗ ನೆಪ್ಪಿಲ್ರಿ,” ಎಂದ ಮೈಲಪ್ಪ, ಸಾವುಕಾರ ನಿಂತ ದಿಕ್ಕು ಹುಡುಕುತ್ತ. “ಆದ್ರ ದೇವ್ರು ಸುಳ್ಳು ಹೇಳಂಗಿಲ್ಲ. ಕದ್ದೀನ್ರಿ. ತಪ್ಪಾತು.”

“ದವಾಖಾನಿಗೆ ತೋರ್ಸು ಮೈಲಪ್ಪ.”

“ದೇವ್ರು ತಗೊಂಡಿದ್ದನ್ನ ಡಾಕ್ಟ್ರು ಕೊಡ್ತಾರೇನ್ರಿ?”

ಪಕ್ಕೀರಮ್ಮ ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟಳು. ಕೂಡ್ಲಿಗಿ ಬಸ್ಸು ಅವರಿಬ್ಬರನ್ನು ಹತ್ತಿಸಿಕೊಂಡು ಹೋಯಿತು.

ಹನ್ನೊಂದು ಗಂಟೆಗೆ ಹೊಸಪೇಟೆಯಿಂದ ಶೈಲಾ ಬಂದಳು. ಕೊಳದ ಪಂಪು, ಫಿಲ್ಟರ್ ಕೂರಿಸಿದವಳು ಅವಳೇ, ಸರ್ವೀಸಿಗೆ ಬಂದಿದ್ದಳು. ಕೊಟ್ರಸ್ವಾಮಿ ಬಣ್ಣ ಬಾರದ ಕೊಳವೆ ತೋರಿಸಿ, ಆಳು ಪೌಡರ್ ಕದ್ದು ಮಾರಿದ್ದನ್ನೂ, ತಾನೇ ಒಪ್ಪಿಕೊಂಡು ಹೋದದ್ದನ್ನೂ ಹೇಳಿದ. ಶೈಲಾ ಕೊಳದ ಅಂಚಿನಲ್ಲಿ ಕೂತಳು. ಒಂದು ಮುಚ್ಚಳ ಕೊಳದ ನೀರು ತೆಗೆದುಕೊಂಡಳು. ಅದಕ್ಕೆ ತನ್ನ ಬಾಟಲಿಯಿಂದ ಒಂಬತ್ತು ಮುಚ್ಚಳ ಕುಡಿಯುವ ನೀರು ಬೆರೆಸಿ, ಕೊಳವೆಗೆ ತುಂಬಿ, ಮಾತ್ರೆ ಹಾಕಿದಳು. ಬಣ್ಣ ಬಂತು, ಪಟ್ಟಿಯಲ್ಲಿರುವ ಕೊನೆಯ ಗುಲಾಬಿಗಿಂತ ಗಾಢವಾಗಿ.

“ಪೌಡರ್ ಇಲ್ದಿದ್ರೂ ಬಣ್ಣ ಬರಂಗಿಲ್ರಿ, ಮಿತಿ ಮೀರಿದ್ರೂ ಬರಂಗಿಲ್ಲ. ಬಾಳ ಆದ್ರ ಅದು ಬಣ್ಣಾನ ಸುಟ್ಟುಹಾಕ್ತೈತಿ,” ಎಂದಳು. “ಈ ನೀರಾಗ ಯಾರೂ ಕಣ್ಣು ಬಿಟ್ಟಿಲ್ಲಲ್ರಿ?”

ಕೊಟ್ರಸ್ವಾಮಿ ಬಸ್ಸು ಹೋದ ರಸ್ತೆಯ ಕಡೆ ತಿರುಗಿದ.

“ಏನೂ ಕಳುವಾಗಿಲ್ರಿ, ಅಂವ ಹಾಕಿದ್ದೆಲ್ಲಾ ಇಲ್ಲೇ ಐತಿ.”