ಬ್ರೇಕ್ ಹಾಕಿದ್ದೆ

ಪಾಪು ಕೂತಿದ್ದ ಸ್ಟ್ರಾಲರ್ ಇಳಿಜಾರಿನಲ್ಲಿ ತಾನಾಗಿ ಹೊರಟೇಬಿಟ್ಟಿತು. ಗೇಟಿಗೆ ಚಿಲಕ ಹಾಕಲು ತಿರುಗಿದ್ದ ಸೊಸೆ "ಅಯ್ಯೋ!" ಎಂದು ಚೀರಿ, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಮೆಟ್ಟಿಲ ಮೇಲೆ ಕೂತು ಕೈಯ ಜಿಡ್ಡು ಒರೆಸಿಕೊಳ್ಳುತ್ತಿದ್ದ ಮಿಷಿನ್ ಅಜ್ಜನಿಗೆ ಜೀವ ಬಾಯಿಗೆ ಬಂತು. ಕೆಳಗೆ ದೊಡ್ಡ ರಸ್ತೆ, ರಸ್ತೆಯಲ್ಲಿ ಲಾರಿ. ಮೂಲೆಮನೆಯವರು ಗೋಡೆ ಕಟ್ಟಿಸಲು ಸುರಿಸಿದ್ದ ಮರಳಿನ ಗುಡ್ಡೆ ಅಡ್ಡ ಬಂತು, ಬಚಾವ್! ಗಾಡಿಯ ಮುಂದಿನ ಚಕ್ರ ಅದರಲ್ಲಿ ಹೂತು ನಿಂತಿತು. ಲಾರಿ ಹೋದ ರಭಸಕ್ಕೆ ಪಾಪುವಿನ ಟೋಪಿ ಮಾತ್ರ ಹಾರಿಹೋಯಿತು.

ಮಗುವನ್ನು ಎದೆಗವಚಿಕೊಂಡು ಒಳಗೆ ಬಂದ ಸೊಸೆಗೆ ನೀರು ಕೊಡುವವರೂ ಇಲ್ಲ. ಅಜ್ಜಿ ಪಾಪುವನ್ನು ಕಿತ್ತುಕೊಂಡಳು. "ಗಾಡಿಗೆ ಬ್ರೇಕ್ ಹಾಕೋಕೆ ನಿನಗೇನು ದಾಡಿ?"

"ಹಾಕಿದ್ದೆ ಅತ್ತೆ. ಕಾಲಲ್ಲಿ ಒತ್ತಿದ್ದೆ."

"ಹಾಕಿದ್ರೆ ಅದಕ್ಕೇನು ಕಾಲು ಬಂತಾ, ನಡ್ಕೊಂಡು ಹೋಗೋಕೆ?"

ಅರ್ಧ ಗಡ್ಡ ಬೋಳಿಸಿ, ಉಳಿದರ್ಧಕ್ಕೆ ನೊರೆ ಮೆತ್ತಿಕೊಂಡೇ ಮಗ ಓಡಿ ಬಂದ. "ಸರಿಯಾಗಿ ನೆನಪು ಮಾಡ್ಕೋ. ಫೋನ್ ನೋಡ್ತಿದ್ದೆಯಾ? ಮೊನ್ನೆ ಒಲೆ ಮೇಲೆ ಹಾಲಿಟ್ಟು ಮರೆತಿರಲಿಲ್ವಾ ನೀನು?"

"ಇಲ್ಲಾರೀ, ಫೋನು ಒಳಗೇ ಇತ್ತು. ಬ್ರೇಕ್... ಹಾಕಿದ್ದೆ ಅನ್ಸುತ್ತೆ."

"ಅನ್ಸುತ್ತಂತೆ! ನೋಡಿದ್ಯಾ?" ಅಜ್ಜಿ ಮಗನತ್ತ ತಿರುಗಿದಳು. "ಇನ್ಮೇಲೆ ಪಾಪುನ ಇವಳೊಬ್ಬಳ ಕೈಗೆ ಕೊಡೋ ಮಾತೇ ಬೇಡ. ಜೊತೆಗೆ ನಾನಿರಬೇಕು, ಇಲ್ಲ ನೀನಿರಬೇಕು." ಮಗ ನೊರೆ ಒರೆಸುತ್ತ ತಲೆಯಾಡಿಸಿದ. ಸೊಸೆ ಗೋಡೆಗೆ ಒರಗಿದಳು. "ಮರೆತಿರ್ಬೇಕು ಅತ್ತೆ. ನಾನೇ ಮರೆತಿರ್ಬೇಕು," ಎಂದಳು. ಹೆತ್ತವಳ ಕೈಗೆ ಹೆತ್ತ ಕೂಸಿಲ್ಲ ಎಂದು ತೀರ್ಪಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಅಜ್ಜ ಮಾತ್ರ ಅಂಗಳಕ್ಕೆ ಹೋಗಿ ಗಾಡಿ ಮಗುಚಿ ಹಾಕಿ ಕೂತ. ಬೆಳಿಗ್ಗೆಯೆಲ್ಲ ಅದನ್ನು ತೊಳೆದವನು ಅವನೇ. ಸೀಟಿನ ಸಂದಿಯ ಬಿಸ್ಕತ್ತಿನ ಪುಡಿ ಕೊಡವಿದ್ದ, ಬಟ್ಟೆ ಬಿಚ್ಚಿ ಸೋಪಿನ ನೀರಲ್ಲಿ ಉಜ್ಜಿದ್ದ, ಚಕ್ರಕ್ಕೆ ಸುತ್ತಿಕೊಂಡಿದ್ದ ಕೂದಲನ್ನು ಕತ್ತರಿಯಲ್ಲಿ ಬಿಡಿಸಿ ತೆಗೆದಿದ್ದ. ಕೊನೆಗೆ ಬ್ರೇಕ್ ಒತ್ತಿದರೆ ಕಟಕ್ ಅಂತ ಕಚ್ಚಿಕೊಂಡಿತ್ತು. ನಲವತ್ತು ವರ್ಷ ಹೊಲಿಗೆ ಮಿಷಿನ್ ರಿಪೇರಿ ಮಾಡಿದ ಕೈ ಅದು. ಎಲ್ಲಿ ಕಚ್ಚುತ್ತದೋ ಅಲ್ಲಿ ದಾರ ಹರಿಯುತ್ತದೆ ಅನ್ನುವುದೊಂದೇ ಅದಕ್ಕೆ ಗೊತ್ತು. ಸಣ್ಣ ಅರ ತಂದು, ಬ್ರೇಕಿನ ಕಡ್ಡಿ ಸಿಕ್ಕಿಕೊಳ್ಳುವ ಚಕ್ರದ ಹಲ್ಲುಗಳನ್ನೆಲ್ಲ ಉಜ್ಜಿ ಬೆಣ್ಣೆಯಂತೆ ನುಣುಪು ಮಾಡಿಟ್ಟಿದ್ದ. ಈಗ ಹೆಬ್ಬೆರಳು ಆಡಿಸಿ ನೋಡಿದ. ಹಲ್ಲಿನ ಅಂಚೇ ಬೆರಳಿಗೆ ಸಿಗಲಿಲ್ಲ. ಥೂ, ಕಚ್ಚುವುದೇ ಅಲ್ಲವೇ ಬ್ರೇಕಿನ ಕೆಲಸ!

ಒಳಗೆ ಹೋಗಿ ಹೇಳಿದ. ನಂಬಿದವರು ಯಾರು? "ನೀವು ಸುಮ್ನಿರಿ," ಅಂದಳು ಅಜ್ಜಿ. "ಸೊಸೆ ಕಣ್ಣಲ್ಲಿ ನೀರು ಬಂದ್ರೆ ನೀವು ಕರಗಿ ಹೋಗ್ತೀರಿ. ನೀವು ಮುಟ್ಟಿದ ಮಿಷಿನ್ ಇಷ್ಟು ವರ್ಷದಲ್ಲಿ ಒಂದಾದ್ರೂ ಕೆಟ್ಟಿದೆಯಾ?"

"ಅಪ್ಪಾ, ತಪ್ಪು ನಿಮ್ಮ ಮೇಲೆ ಎಳ್ಕೋಬೇಡಿ," ಅಂದ ಮಗ.

ನಲವತ್ತು ವರ್ಷ ಗಳಿಸಿದ ಒಳ್ಳೆ ಹೆಸರು ಹೀಗೆ ಅಡ್ಡಗಾಲು ಹಾಕುತ್ತದೆಂದು ಅಜ್ಜ ಕನಸಲ್ಲೂ ಎಣಿಸಿರಲಿಲ್ಲ. ಎಲ್ಲರನ್ನೂ ಗೇಟಿನಾಚೆ ಕರೆದ. ಗಾಡಿಯನ್ನು ಇಳಿಜಾರಿನಲ್ಲಿಟ್ಟು ಬ್ರೇಕ್ ಒತ್ತಿದ. ಗಾಡಿ ಜಪ್ಪಯ್ಯ ಅಂದರೂ ಕದಲಲಿಲ್ಲ. "ನಿಂತಿದೆಯಲ್ಲ!" ಎಂದಳು ಅಜ್ಜಿ. ಸೊಸೆ ತಲೆ ಇನ್ನಷ್ಟು ತಗ್ಗಿಸಿದಳು.

"ತಡಿ." ಅಜ್ಜ ಒಳಗಿಂದ ಪಾಪುವಿನಷ್ಟೇ ತೂಕದ ಅಕ್ಕಿಯ ಚೀಲ ಹೊತ್ತು ತಂದು ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದ. ಮಗನನ್ನು ಇಳಿಜಾರಿನ ಕೆಳಗೆ ಅಡ್ಡ ನಿಲ್ಲಿಸಿದ. "ಈಗ ಬ್ರೇಕ್ ನೀನೇ ಹಾಕು," ಎಂದ ಹೆಂಡತಿಗೆ.

ಪಾಪುವನ್ನು ಸೊಂಟದ ಮೇಲಿಟ್ಟುಕೊಂಡೇ ಅಜ್ಜಿ ಹಿಮ್ಮಡಿಯಿಂದ ಬ್ರೇಕನ್ನು ಜೋರಾಗಿ ತುಳಿದಳು. ಹಾಕಿದರೆ ಹೀಗೆ ಹಾಕಬೇಕು ಅನ್ನುವ ಹಾಗೆ ಸೊಸೆಯ ಕಡೆ ನೋಡಿದಳು. ಗಾಡಿ ನಿಂತೇ ಇತ್ತು. ಆಮೇಲೆ ಚಕ್ರದೊಳಗೆ ಏನೋ ಸರಕ್ಕೆಂದಿತು, ಗಾಡಿ ಹೊರಟಿತು.

"ಅಯ್ಯಯ್ಯೋ, ಹಿಡ್ಕೊಳ್ಳೋ!" ಅಕ್ಕಿಯ ಚೀಲ ಅನ್ನುವುದನ್ನೂ ಮರೆತು ಅಜ್ಜಿ ಕಿರುಚಿದಳು. ಗಾಡಿ ಹೋಗಿ ಮಗನ ಮೊಣಕಾಲಿಗೆ ಬಡಿಯಿತು. ಅವನು ಎರಡೂ ಕೈಯಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಿದ. ಅವನ ಹಿಂದೆ ಇನ್ನೊಂದು ಲಾರಿ ಹಾದುಹೋಯಿತು.

ಅಜ್ಜ ಸೊಸೆಯ ಮುಂದೆ ನಿಂತು ಎರಡೂ ಕೈ ಜೋಡಿಸಿದ. "ನನ್ನ ಕೈಯಾರೆ ಕೂಸಿನ ಜೀವ ತೆಗೀತಿದ್ದೆ ಕಣಮ್ಮಾ. ಬೈಯೋದಿದ್ರೆ ನನಗೆ ಬೈ." ಅಜ್ಜಿ ಪಾಪುವನ್ನು ಸೊಸೆಯತ್ತ ಚಾಚಿದಳು. "ತಗೋ, ನಿನ್ನ ಮಗು ನೀನು ಎತ್ಕೋ."

ಸೊಸೆ ಕೈ ನೀಡಲಿಲ್ಲ.

"ಸ್ವಲ್ಪ ಹೊತ್ತು ನೀವೇ ಇಟ್ಕೊಂಡಿರಿ ಅತ್ತೆ. ನನಗೆ ಭಯ ಆಗ್ತಿದೆ. ನೀವೆಲ್ಲ ಹೇಳಿ ಹೇಳಿ, ಬ್ರೇಕ್ ಒತ್ತದೇ ನಾನು ಹಾಗೇ ತಿರುಗಿಕೊಂಡಿದ್ದು ನನ್ನ ಕಣ್ಣಿಗೆ ಕಾಣಿಸೋಕೇ ಶುರುವಾಗಿತ್ತು."