ಕೈ ಎತ್ತಬೇಡಿ

ಮೊದಲ ಓಟದಲ್ಲೇ ಬಿಜಲಿ ನಿಂತುಬಿಟ್ಟಿತು. ಉಳಿದ ಟಾಂಗಾಗಳು ಧೂಳೆಬ್ಬಿಸಿಕೊಂಡು ಮುಂದೆ ಹೋದವು. ಈ ಕುದುರೆ ಮಾತ್ರ ಪ್ರೇಕ್ಷಕರ ಹಗ್ಗದ ಪಕ್ಕಕ್ಕೆ ಒತ್ತಿ ಬಂದು, ಯಾರೋ ಹತ್ತಲಿ ಎಂಬಂತೆ ನಿಂತು ಬಾಲ ಬೀಸಿತು. ಹಗ್ಗದಾಚೆ ಒಬ್ಬ ಖುಷಿಗೆ ಕೈ ಎತ್ತಿದ್ದ, ಅಷ್ಟೇ. ಅಂಜಲಿ ಲಗಾಮು ಜಗ್ಗಿದಳು, ಲೊಚಗುಟ್ಟಿದಳು, ಬೈದಳು. ಅವಳಪ್ಪ ಇದೇ ಕುದುರೆ ಕಟ್ಟಿ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಿಂದ ಸಂತೆಗೆ ವರ್ಷಗಟ್ಟಲೆ ಟಾಂಗಾ ಹೊಡೆದಿದ್ದ. ರಸ್ತೆ ಬದಿ ಕೈ ಎತ್ತಿದವರಿಗೆ ನಿಲ್ಲುವುದು ಬಿಜಲಿಗೆ ಹುಲ್ಲು ತಿಂದಷ್ಟೇ ಸಹಜ.

"ಮುಗೀತಲ್ಲ ನಿಂದು?" ಎಂದು ಕಾಕ ಗದ್ದೆಪ್ಪ ಬಂದ. ಅಪ್ಪ ಶೇರ್ ಆಟೋ ಹಿಡಿದ ಮೇಲೆ ಕುದುರೆ ಇವನ ಪಾಲಿಗೆ ಬಂದಿತ್ತು. "ನಾಳಿ ಸಿಂಧನೂರಿನ ಬ್ಯಾಂಡಿನವ್ರು ಬರ್ತಾರ. ಮದುವಿ ಮೆರವಣಿಗಿಗೆ ಕೊಟ್ಟು ಕೈ ತೊಳಕೊಂತೀನಿ."

"ಇನ್ನೊಂದು ಓಟ ಐತಿ ಕಾಕಾ. ನಿಲ್ಲದಂಗ ಗೆರಿ ದಾಟಿದ್ರ ಕೊಡಂಗಿಲ್ಲ ಅಂದಿದ್ದಿ."

"ಅಂದೀನಿ. ಅದಕ್ಕ ಇದು ಶರ್ಯತ್ತು ಅಂತ ಯಾರು ಹೇಳಬೇಕು? ಸಂತಿ ಅಂತ ತಿಳಕೊಂಡೈತಿ."

"ಕಿವಿ ಹತ್ರ ಡಿಜೆ ಹಚ್ಚಿದ್ರ ವಾರದಾಗ ಹುಚ್ಚು ಹಿಡಿತೈತಿ ಅದಕ್ಕ."

"ಹಿಡೀಲಿ. ಇಲ್ಲಿ ನನಗ ಹಿಡದೈತಿ."

ಅತ್ತ ಮೈಕಿನಲ್ಲಿ ವೀರೇಂದ್ರ ಇನ್ನೂ ಇತಿಹಾಸ ಹೇಳುತ್ತಿದ್ದ. ಅವನು ಕಾಲೇಜಿನ ಅತಿಥಿ ಉಪನ್ಯಾಸಕ. ಈ ಮೈದಾನವನ್ನು ಪ್ರವಾಸಿ ತಾಣ ಮಾಡಿಯೇ ತೀರುವ ಹಟ ಅವನದು. ಬ್ರಿಟಿಷರ ದಂಡಿನ ಛಾವಣಿ ಇದ್ದ ಕಾಲದಲ್ಲಿ ಬಿಳಿ ಸಾಹೇಬರು ಇಲ್ಲಿ ಕುದುರೆ ಓಡಿಸುತ್ತಿದ್ದರಂತೆ, ಯಾವನೋ ಜಾಗೀರದಾರ ಅವರನ್ನು ಸೋಲಿಸಿದನಂತೆ. ಅದಕ್ಕೆಲ್ಲ ಸಾಕ್ಷಿಯಾಗಿ ಉಳಿದದ್ದು ಜಾಲಿಗಿಡಗಳ ನಡುವಿನ ಒಂದು ಮೋಟುಗಲ್ಲು. ಅವನು ಅದನ್ನು ವಿಜಯಸ್ತಂಭ ಎನ್ನುತ್ತಿದ್ದ. ಮಸ್ಕಿಯ ಶಾಸನ ನೋಡಿಕೊಂಡು ಬಸ್ಸಿನಲ್ಲಿ ಇತ್ತ ಬಂದಿದ್ದ ಪ್ರವಾಸಿಗರು ಅದರ ಮೇಲೆ ನೀರಿನ ಬಾಟಲಿ ಇಟ್ಟಿದ್ದರು. ಪ್ರತಿ ಓಟಕ್ಕೂ ಮುಂಚೆ ಇದೇ ಕಥೆ. ಅದು ಮುಗಿಯುವತನಕ ಕುದುರೆಗಳು ಬಿಸಿಲಿನಲ್ಲಿ ಕಾಲು ಬದಲಿಸುತ್ತ ನಿಲ್ಲಬೇಕು.

ಅಂಜಲಿ ನೇರ ವೇದಿಕೆಗೆ ಹೋದಳು. "ವೀರೇಂದ್ರಣ್ಣ, ಯಾರೂ ಕೈ ಎತ್ತಬ್ಯಾಡ್ರಿ ಅಂತ ಮೈಕಿನಾಗ ಹೇಳ್ರಿ. ನನ್ನ ಕುದುರಿ ನಿಂದ್ರತೈತಿ."

ಅವನು ಮೈಕಿಗೆ ಅಂಗೈ ಅಡ್ಡ ಹಿಡಿದ. "ಮಂದಿ ಬಂದಿದ್ದ ಖುಷಿ ಪಡಾಕ. ಕೈ ಕಟ್ಟಿ ಕುಂದ್ರಾಕ ಇದೇನು ಪರೀಕ್ಷಾ ಹಾಲೇನು? ಹಿಂಗಾದ್ರ ಮುಂದಿನ ವರ್ಷ ಯಾರು ಬರ್ತಾರ?"

"ನಿಮ್ಮ ಸಾಹೇಬರ ಕಥಿ ಮುಂಜಾನಿಂದ ಕೇಳಾಕತ್ತೀನ್ರಿ. ಕುದುರಿನೂ ಕೇಳೈತಿ. ನನ್ನದೊಂದು ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗತೈತಿ?"

"ಹೇಳಿಸಬ್ಯಾಡಬೇ," ಎಂದು ಗದ್ದೆಪ್ಪ ಕೆಳಗಿನಿಂದ ಕೂಗಿದ. "ಹೇಳಿದ್ರ ಬೇಕಂತಲೇ ಎತ್ತತಾರ. ನಮ್ಮ ಮಂದಿ ನಿನಗ ಗೊತ್ತಿಲ್ಲೇನು?"

ಅವಳು ಕೇಳಲಿಲ್ಲ, ಹೇಳುವತನಕ ವೇದಿಕೆಯಿಂದ ಇಳಿಯಲೂ ಇಲ್ಲ. ವೀರೇಂದ್ರ ಗಂಟಲು ಸರಿಮಾಡಿಕೊಂಡು ಘೋಷಿಸಿದ: "ಪ್ರೇಕ್ಷಕ ಬಂಧುಗಳಲ್ಲಿ ವಿನಂತಿ. ಕೊನೆಯ ಓಟದಲ್ಲಿ ಯಾರೂ ಕೈ ಎತ್ತಬೇಡಿ. ಎತ್ತಿದರೆ ಒಂದು ಕುದುರೆ ನಿಲ್ಲುತ್ತದೆ." ಹಗ್ಗದ ಉದ್ದಕ್ಕೂ ನಗು ಹರಿಯಿತು. ಯಾವ ಕುದುರೆ, ಯಾವ ಕುದುರೆ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಅಂಜಲಿಗೆ ತನ್ನ ತಪ್ಪು ಅಲ್ಲಿಯೇ ತಿಳಿಯಿತು. ಆದರೆ ಅವಳು ಓಡಿಹೋಗಿ ಟಾಂಗಾ ಹತ್ತುವಷ್ಟರಲ್ಲಿ ಸೀಟಿ ಊದಿದರು.

ಬಿಜಲಿ ಚೆನ್ನಾಗಿಯೇ ಓಡಿತು. ತಿರುವಿನಲ್ಲಿ ಬಳಗಾನೂರಿನ ಗಾಡಿಯೊಂದೇ ಅದರ ಮುಂದಿತ್ತು. ಪ್ರವಾಸಿಗರ ಕುರ್ಚಿಗಳ ಎದುರು ಬರುತ್ತಿದ್ದಂತೆ ಸಾಲಿಗೆ ಸಾಲೇ ಎದ್ದು ನಿಂತು ಕೈ ಎತ್ತಿತು. ಕೆಲವರು ಎರಡೂ ಕೈ ಎತ್ತಿದ್ದರು. ಮುದುಕನೊಬ್ಬ ಊರುಗೋಲನ್ನೇ ಎತ್ತಿದ್ದ. ಬಿಜಲಿ ವೇಗ ತಗ್ಗಿಸಿತು, ಬದಿಗೆ ಒತ್ತಿತು, ನಿಂತಿತು. ಚಪ್ಪಾಳೆಯೋ ಚಪ್ಪಾಳೆ.

ಅಂಜಲಿ ಚಾವಟಿಯನ್ನು ಕಾಲ ಬಳಿ ಒಗೆದಳು. "ನಿಲ್ಲಿಸಿದ್ರಲ್ಲ? ಈಗ ಹತ್ರಿ. ಯಾರ‍್ಯಾರು ಕೈ ಎತ್ತೀರಿ, ಬರ್ರಿ, ಹತ್ರಿ."

ಅವಳು ಸಿಟ್ಟಿನಲ್ಲಿ ಹೇಳಿದ್ದು. ಅವರು ಕರೆದಳೆಂದೇ ತಿಳಿದರು. ಪರ್ಸು ಹಿಡಿದ ದಪ್ಪನೆಯ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ದಾಟಿದಳು; ಅವಳ ಹಿಂದೆ ಗಂಡ, ನಾದಿನಿ, ಊರುಗೋಲಿನ ಮುದುಕ. ಟಾಂಗಾ ಹಿಂದಕ್ಕೆ ಜಗ್ಗಿತು. "ಇಳೀರಿ, ನಾ ಹಂಗ ಅಂದಿದ್ದಲ್ಲ" ಎಂದು ಅಂಜಲಿ ಹೇಳುವಷ್ಟರಲ್ಲಿ ಗಾಡಿ ಹೊರಟಿತ್ತು. ಅವಳು ಲಗಾಮು ಮುಟ್ಟಿಯೇ ಇರಲಿಲ್ಲ.

ಅದು ಅಂದಿನ ಯಾವ ಓಟದಲ್ಲೂ ಇಲ್ಲದ ಓಟ. ಹಗ್ಗದ ಎರಡೂ ಬದಿಗೆ ಕೈಗಳು ಏಳುತ್ತಲೇ ಇದ್ದವು. ಬಿಜಲಿ ಒಂದರ ಕಡೆಗೂ ಕತ್ತು ಹೊರಳಿಸಲಿಲ್ಲ. ಸೀಟು ತುಂಬಿದ ಟಾಂಗಾ ದಾರಿಯಲ್ಲಿ ಯಾರಿಗೂ ನಿಲ್ಲುವುದಿಲ್ಲ.

"ಮಂದಿನ್ನ ಹತ್ತಿಸಿದ್ರ ಲೆಕ್ಕಕ್ಕಿಲ್ಲ, ನಿಲ್ಲಸಬೇ" ಎನ್ನುತ್ತ ಗದ್ದೆಪ್ಪ ಓಡಿ ಬಂದು, ಸುಣ್ಣದ ಗೆರೆಯ ನಟ್ಟನಡುವೆ ಎರಡೂ ಕೈ ಎತ್ತಿ ನಿಂತ. ಅಂಜಲಿ ಲಗಾಮನ್ನು ತೊಡೆಯ ಮೇಲೆ ಸಡಿಲ ಬಿಟ್ಟು ಕಾಕನ ಮುಖವನ್ನೇ ನೋಡುತ್ತ ಕುಳಿತಳು. ಗಾಡಿ ಹತ್ತಿರಾದಂತೆ ಅವನ ಕೈಗಳು ಇನ್ನಷ್ಟು ಮೇಲೇರಿದವು, ಕೊನೆಗೆ ಕಾಲೂ ನೆಲ ಬಿಟ್ಟು ಅವನು ಬದಿಗೆ ಹಾರಿದ; ಬಿಜಲಿ ನಿಲ್ಲದೆ ಗೆರೆ ದಾಟಿತು.