ಕೊಟ್ಟಿಗೆಗೆ ಹೋದ ಕರೆಂಟು

ಡಾಂಬರಿನ ವಾಸನೆ ಬಂದರೆ ಈಗಲೂ ಹನಕೆರೆಯ ನಮ್ಮ ಹಿತ್ತಲು ನೆನಪಾಗುತ್ತದೆ.

ಎಪ್ಪತ್ತೊಂದರ ಯುದ್ಧ ಮುಗಿದ ವರ್ಷ. ಅವ್ವ ಲಾಂದ್ರ ಹಿಡಿದು ಹಾಲು ಕರೆಯಲು ಹೋದ ಕೊನೆಯ ದಿನ ಅದು. ಹಿಂದಿನ ವಾರ ಕೊಟ್ಟಿಗೆಯ ಕತ್ತಲಲ್ಲಿ ಅವಳು ಹಾವು ತುಳಿಯುವುದರಲ್ಲಿದ್ದಳು. ಅದಕ್ಕೇ ಅಪ್ಪ ಮನೆಯಿಂದ ಅಲ್ಲಿಗೆ ಕರೆಂಟು ಎಳೆಸುತ್ತಿದ್ದ. ಉಕ್ಕಿನ ತಂತಿ ಸುತ್ತಿ, ಡಾಂಬರು ಬಳಿದ ಕೇಬಲ್ಲು ಅಗೆದ ಕಾಲುವೆಯಲ್ಲಿ ಮಲಗಿತ್ತು. ಹುತ್ತಕ್ಕೆ ಎರೆಯುವ ಹಾಗೆ ಅವ್ವ ಅದರ ಮೇಲೆ ಹಾಲು ಎರೆದಳು.

"ಕರೆಂಟು ಹಾಲು ಕುಡೀತದಾ ಅಕ್ಕಾ?" ಕೇಬಲ್ಲು ಎಳೆಯುತ್ತಿದ್ದ ಸಾಬರು ನಕ್ಕರು.

"ಮಣ್ಣೊಳೀಕೆ ಓಗೋದ್ನ ಸುಮ್ನೆ ಕಳಿಸಬಾರ್ದು ಕಣಣ್ಣ."

ಸಂಜೆ ಬಲ್ಬು ಹತ್ತಿತು. ಹಸುವಿನ ಕಣ್ಣಲ್ಲಿ, ಜೇಡರ ಬಲೆಯಲ್ಲಿ, ನೆಲದ ಗಂಜಲದಲ್ಲೂ ಬೆಳಕು. ಅವ್ವ ಚೆಂಬು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ಮೊನ್ನೆ ಅವ್ವನ ಮಣ್ಣಿಗೆ ನಾನು ಹಾಲು ಎರೆದೆ. ಕೊಟ್ಟಿಗೆಯ ದೀಪ ಈಗಲೂ ಹತ್ತುತ್ತದೆ. ಅದರ ಕೆಳಗೆ ಅವ್ವ ಇಲ್ಲ.